ಬಾಬೆಫ್‌ಗೆ ಒಂದು ಉದಾಹರಣೆ

ಚನ್ನಬಸಪ್ಪನನ್ನು ಗೋದಾಮಿನ ಕೆಲಸದಿಂದ ತೆಗೆದರು. ಏಜೆನ್ಸಿಯಿಂದ ಫೋನು ಬಂತು, ನಾಳೆಯಿಂದ ಬರುವುದು ಬೇಡ ಎಂದರು. ನಿಧಾನ ಎಂದರು. ಅವನ ನೋಯುವ ಮೊಣಕಾಲಿನ ಮಾತು ಎತ್ತಲಿಲ್ಲ.

ಅದು ಸೋಮವಾರದ ಮಾತು. ಈಗ ಶನಿವಾರ ಮಧ್ಯಾಹ್ನ, ನಿಖತ್ ಪರದೇಶದ ಹಾರ್ನ್‌ಬಿ ಬಡಾವಣೆಯ ಬಾಡಿಗೆ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಮತ್ತು ಅವಳಿಗೆ ಸುಖವಾಗಿತ್ತು. ಸುಖವಾಗಿರಬಾರದು ಎಂಬುದೂ ಗೊತ್ತಿತ್ತು. ಬೆಟ್ಟದ ಕಡೆಯಿಂದ ನಾರ್‌ವೆಸ್ಟರ್ ಗಾಳಿ ಬೀಸುತ್ತಿತ್ತು, ಗದಗಿನ ಶಿವರಾತ್ರಿ ಕಳೆದ ಮೇಲಿನ ಗಾಳಿಯ ಹಾಗೆ ಬೆಚ್ಚಗೆ. ಒಂದು ಅಂಗಿಗೆ ಕ್ಲಿಪ್ಪು ಸಿಕ್ಕಿಸಿ ಇನ್ನೊಂದನ್ನು ಕೊಡವುವಷ್ಟರಲ್ಲಿ ಮೊದಲಿನದು ಅರ್ಧ ಒಣಗಿರುತ್ತಿತ್ತು. ರಂಜಾನಿನ ರೋಜಾ ಹಿಡಿದ ಬಾಯಿ ಆರಿತ್ತು, ತಲೆ ಹಗುರಾಗಿತ್ತು, ಹೊಟ್ಟೆಯೊಳಗಿನ ಖಾಲಿ ಜಾಗ ಗುಡಿಸಿ ಸಾರಿಸಿದ ಕೋಣೆಯ ಹಾಗೆ ಚೊಕ್ಕಟವಾಗಿತ್ತು. ಗೋದಾಮಿನಲ್ಲಿ ಜೊತೆಗೆ ದುಡಿಯುತ್ತಿದ್ದ ಮನುಷ್ಯ ಅವಳ ಬಾಯಿಂದಾಗಿ ಕೆಲಸ ಹೋಗಿ ಮನೆ ಸೇರಿದ್ದಾನೆ, ಅವಳಿಗೆ ಗಾಳಿ ಹಿತವಾಗಿದೆ. ಇದೆಂಥ ಹೆಣ್ಣು ನಾನು ಎಂದುಕೊಂಡಳು, ಗಂಡ ಸುಬ್ಹಾನನ ಪ್ಯಾಂಟನ್ನು ಜೋರಾಗಿ ಕೊಡವಿದಳು, ಆ ಜೋರಿನಲ್ಲೂ ಒಂದು ಸುಖವಿತ್ತು.

ಸಂಜೆ ನಟರಾಜನ ಮನೆಯಲ್ಲಿ ಓದುಬಳಗ. ನಟರಾಜ, ಭಾನುಮತಿ ಮೈಸೂರಿನವರು, ಓದಲು ಬಂದು ಇಲ್ಲೇ ನಿಂತ ಗಂಡ ಹೆಂಡತಿ; ಅವನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ, ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಿಂಗಳಿಗೊಮ್ಮೆ ಊರಿನ ಕನ್ನಡದವರು ಒಂದಷ್ಟು ಜನ ಅವರ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಬ್ಬರು ಓದಿಕೊಂಡು ಬಂದದ್ದನ್ನು ಉಳಿದವರು ಕೇಳಿ ಜಗಳವಾಡುತ್ತಿದ್ದರು. ಅಲ್ಲಿ ನಟರಾಜನದೊಂದು ಕಟ್ಟಳೆ. ಓದಿಕೊಂಡು ಬಂದವರು ಪುಸ್ತಕ ಮುಚ್ಚಿಟ್ಟು, ತಾವೇ ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡಬೇಕು. ಉದಾಹರಣೆಯಿಲ್ಲದ ವಿಚಾರಕ್ಕೆ ಈ ಮನೆಯಲ್ಲಿ ಕಾಫಿ ಇಲ್ಲ ಎನ್ನುತ್ತಿದ್ದ. ಬಡ್ಡಿಯ ಬಗ್ಗೆ ಮಾತಾಡಲು ಬಂದವರು ತಮ್ಮ ಮನೆಸಾಲದ ಬಗ್ಗೆ ಹೇಳಿ ಬೆವರಿದ್ದರು. ಜಾತಿಯ ಬಗ್ಗೆ ಓದಿಕೊಂಡು ಬಂದ ಶ್ರೀರಂಗ ತನ್ನದೇ ಅಡುಗೆಮನೆಯ ಉದಾಹರಣೆ ಕೊಟ್ಟು, ಹೆಂಡತಿ ವಾರಗಟ್ಟಲೆ ಅವನ ಜೊತೆ ಮಾತು ಬಿಟ್ಟಿದ್ದಳು. ನಿಖತ್ತಿಗೆ ಆ ಕಟ್ಟಳೆ ಮೈಗೇ ಹತ್ತಿತ್ತು. ಬಸ್ಸಿನಲ್ಲಿ, ಡೇರಿಯಂಗಡಿಯಲ್ಲಿ, ನಮಾಜಿಗೆ ನಿಂತಾಗ ಕೂಡ ಮನಸ್ಸು ಎದುರಿಗೆ ಕಂಡದ್ದನ್ನೆಲ್ಲ ಎತ್ತಿ ಯಾವುದಾದರೂ ವಿಚಾರಕ್ಕೆ ಹೊಂದಿಸುತ್ತಿತ್ತು. ಈ ಸಲ ಅವಳ ಪಾಳಿ. ಅವಳು ಓದಿಕೊಂಡದ್ದು ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಫ್ರೆಂಚನ ಬಗ್ಗೆ, ಬಾಬೆಫ್ ಎಂಬವನ ಬಗ್ಗೆ.

ಅವನು ಮೊದಲು ನಮ್ಮ ಕಡೆಯ ಶಾನುಭೋಗರು ಮಾಡುತ್ತಿದ್ದಂಥದೇ ಕೆಲಸದಲ್ಲಿದ್ದ. ಜಮೀನ್ದಾರರ ಹಳೆಯ ಕಾಗದ ಓದಿ, ರೈತರಿಂದ ಇನ್ನೂ ಯಾವ ಕಂದಾಯ, ಯಾವ ಕಾಣಿಕೆ ಹಿಂಡಬಹುದೆಂದು ಹುಡುಕಿಕೊಡುವುದು. ಆ ಧೂಳಿನಲ್ಲೇ ಅವನಿಗೆ ದೊಡ್ಡ ಮನೆತನಗಳ ಕಳ್ಳತನ ಕಂಡಿತು. ಉಣ್ಣುವ ತಟ್ಟೆಯೇ ಕದ್ದದ್ದು ಎಂದು ಗೊತ್ತಾದವನಿಗೆ ಆಮೇಲೆ ಅನ್ನ ಹೇಗೆ ಇಳಿಯಬೇಕು? ಕ್ರಾಂತಿ ಬಂತು, ದೊರೆಯ ತಲೆ ಉರುಳಿತು, ರೊಟ್ಟಿ ಮಾತ್ರ ಅಗ್ಗವಾಗಲಿಲ್ಲ. ಭೂಮಿ ಹಂಚಲು ಹೋಗಿ ಸತ್ತ ರೋಮಿನ ಗ್ರಾಕಸ್ ಅಣ್ಣತಮ್ಮಂದಿರ ಹೆಸರನ್ನು ತಾನೇ ಇಟ್ಟುಕೊಂಡ, ಪತ್ರಿಕೆ ಹೊರಡಿಸಿದ, ಜೈಲಿಗೆ ಹೋದ, ಅವನು ಒಳಗಿದ್ದಾಗ ಎಳೆಯ ಮಗಳೊಬ್ಬಳು ಬರಗಾಲದಂಥ ಆ ವರ್ಷದಲ್ಲಿ ಸೊರಗಿ ಸತ್ತಳು. ಈ ಸಾಲಿಗೆ ಬಂದಾಗಲೆಲ್ಲ ನಿಖತ್ ಪುಸ್ತಕ ಮಗುಚಿಡುತ್ತಿದ್ದಳು. ರಂಜಾನಿನಲ್ಲಿ ಅದನ್ನು ಓದುವುದು ಬೇರೆಯೇ ಥರ. ತನ್ನ ಹಸಿವಿಗೆ ಹೊತ್ತು ಮುಳುಗುವ ಗ್ಯಾರಂಟಿಯಿದೆ, ಖರ್ಜೂರದ ಗ್ಯಾರಂಟಿಯಿದೆ. ಗ್ಯಾರಂಟಿಯಿಲ್ಲದ ಹಸಿವನ್ನು ಅವಳ ಅಜ್ಜ ಕಂಡಿದ್ದ, ನದಾಫರ ಅಜ್ಜ, ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿದವನು, ಊರ ಜನರೆಲ್ಲ ಮೆತ್ತಗೆ ಮಲಗಲೆಂದು ಬಿಲ್ಲು ಮೀಟಿ ತಾನು ಚಾಪೆಯ ಮೇಲೆ ಸತ್ತವನು.

‘ಏನ್ ಒಬ್ಬಾಕೀನ ಮಾತಾಡಾಕತ್ತೀ?’ ಸುಬ್ಹಾನ್ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಶನಿವಾರ ಅವನು ಯೂಟಿನಲ್ಲಿ, ಹಿಂದೆ ತೆರೆದ ತೊಟ್ಟಿಯಿರುವ ಆ ಸಣ್ಣ ಗಾಡಿಯಲ್ಲಿ, ಮಾಂಸದ ಡೆಲಿವರಿ ಮುಗಿಸಿ ಬಂದು ಬಾಗಿಲಲ್ಲಿ ಹೀಗೇ ನಿಲ್ಲುತ್ತಾನೆ.

‘ಸಂಜೀ ಮಾತಿನ ತಯಾರಿ.’

‘ನಿಮ್ಮ ಮ್ಯಾನೇಜರ್ ಗ್ರೆಗ್‌ಗ ಏನ್ ಹೇಳ್ತಿ, ಅದರ ತಯಾರಿ ಆತೇನು? ಟೀಮ್ ಲೀಡರ್ ಆಗು ಅಂದಾನ, ಸಣ್ಣ ಮಾತಲ್ಲ. ಮಸೂತ್ಯಾಗ ನಿನ್ನ ಉರ್ದೂಗೆ ನಗೋ ಹೆಂಗಸರೆಲ್ಲ ಬಾಯಿ ಮುಚ್ತಾರ.’

ನಗುತ್ತಿದ್ದರು, ನಿಜ. ನದಾಫರ ಮನೆಮಾತು ಕನ್ನಡ. ಹೋದ ಈದ್ ಹಬ್ಬದ ದಿನ ಹೈದರಾಬಾದಿನ ಹೆಂಗಸೊಬ್ಬಳು ನಿಖತ್ತಿನ ಒಂದು ವಾಕ್ಯವನ್ನು ಪಕ್ಕದವಳಿಗೆ ಮೆಲ್ಲಗೆ ತಿದ್ದಿ ಹೇಳಿದ್ದು ಅವಳ ಕಿವಿಯಲ್ಲಿ ಮುಳ್ಳಾಗಿ ಉಳಿದಿತ್ತು. ಅಂಥವೆಲ್ಲ ಸಣ್ಣ ಮುಳ್ಳು. ದೊಡ್ಡದು ಇನ್ನೊಂದು, ಅದನ್ನು ಗಂಡನಿಗೂ ಹೇಳಿರಲಿಲ್ಲ.

ಗೋದಾಮಿನಲ್ಲಿ ಭಾರದ ಸಾಲು, ಹಗುರದ ಸಾಲು ಎಂದು ಇದ್ದವು. ಎಣ್ಣೆಯ ಡಬ್ಬ, ಅಕ್ಕಿಯ ಚೀಲ, ನಾಯಿ ಬೆಕ್ಕಿನ ತಿಂಡಿಯ ಮೂಟೆ ಒಂದು ಕಡೆ. ಚಿಪ್ಸು, ಟಿಶ್ಯೂ ಪೇಪರು ಇನ್ನೊಂದು ಕಡೆ. ಯಾರಿಗೆ ಯಾವ ಸಾಲು ಎಂದು, ಡಬ್ಬದ ಬಾರ್‌ಕೋಡ್ ಓದಲು ಕೈಯಲ್ಲಿ ಹಿಡಿಯುವ ಸ್ಕ್ಯಾನ್ ಗನ್ ಹೇಳುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಗನ್. ಯಾರು ಎಷ್ಟು ಬೇಗ ಎತ್ತುತ್ತಾರೆಂದು ಊಟದ ಕೋಣೆಯ ಪರದೆಯ ಮೇಲೆ ಹೆಸರು ಹೆಸರಾಗಿ ಬರುತ್ತದೆ, ನಿಗದಿಗಿಂತ ಕೆಳಗಿಳಿದ ಹೆಸರುಗಳು ಕೆಂಪಗೆ. ಊಟ ಮಾಡುತ್ತಾ ಮನುಷ್ಯರು ತಮ್ಮ ಹೆಸರು ಕೆಂಪಾಗುವುದನ್ನು ನೋಡಬೇಕು. ಅದನ್ನು ಯೋಚಿಸಿದ ತಲೆ ಎಂಥದಿರಬಹುದು? ಹಿಂದೊಂದು ರಂಜಾನಿನಲ್ಲಿ ಎಣ್ಣೆ ಡಬ್ಬದ ಸಾಲಲ್ಲಿ ನಿಖತ್ತಿಗೆ ತಲೆ ಸುತ್ತಿದಾಗ ಸಮೋವಾದ ಸಿಯೋನೆ ಏನೂ ಹೇಳದೆ ತನ್ನ ಗನ್ ಅವಳ ಕೈಗಿಟ್ಟು ಅವಳದನ್ನು ತಾನು ತೆಗೆದುಕೊಂಡಿದ್ದ. ಅವಳು ಅವನ ಹೆಸರಲ್ಲಿ ಚಿಪ್ಸು ಎತ್ತಿದಳು, ಅವನು ಅವಳ ಹೆಸರಲ್ಲಿ ಎಣ್ಣೆ ಎತ್ತಿದ. ಅಲ್ಲಿಂದ ಶುರು. ಚನ್ನಬಸಪ್ಪನ ಮೊಣಕಾಲು ಚಳಿಗೆ ಬಿಗಿದಾಗ ಅವನ ಗನ್ ಯಾರ್ಯಾರದೋ ಕೈಯಲ್ಲಿ ಭಾರದ ಸಾಲು ಸುತ್ತುತ್ತಿತ್ತು. ರಂಜಾನ್ ಬಂದರೆ ಅದೇ ಚನ್ನಬಸಪ್ಪ ಕುಂಟುತ್ತಲೇ ರೋಜಾ ಹಿಡಿದವರ ಮೂಟೆ ಎತ್ತುತ್ತಿದ್ದ. ಯಾರೂ ಕೂಡಿ ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಪರದೆಯ ಮೇಲೆ ಯಾವ ಹೆಸರೂ ಕೆಂಪಾಗುತ್ತಿರಲಿಲ್ಲ.

ಬಾಬೆಫ್ ಕೇಳಿದ್ದೂ ಇದನ್ನೇ ಎಂದು ಅವಳಿಗೆ ಹೊಳೆದದ್ದು ಒಂದು ದಿನ ಸ್ಮೋಕೋದ ಹೊತ್ತಿನಲ್ಲಿ, ಚಹಾ ವಿರಾಮಕ್ಕೆ ಇಲ್ಲಿಯವರು ಅನ್ನುವುದು ಹಾಗೆ. ಎಲ್ಲರೂ ದುಡಿದದ್ದನ್ನು ಒಂದೇ ಉಗ್ರಾಣಕ್ಕೆ ತಂದು ಹಾಕಲಿ, ಅಲ್ಲಿಂದ ಎಲ್ಲರಿಗೂ ಸಮ ಹಂಚಲಿ. ಗಡಿಯಾರ ಮಾಡುವವನ ಒಂದು ದಿನ ನೇಗಿಲು ಹೊಡೆಯುವವನ ಎಷ್ಟೋ ದಿನಗಳಿಗೆ ಸಮ ಎಂದು ಹೇಳಿದವರು ಯಾರು? ಇಬ್ಬರ ಹೊಟ್ಟೆಯೂ ಒಂದೇ ಅಳತೆಯದಲ್ಲವೇ? ಅವಳು ಪುಸ್ತಕದಿಂದ ತಲೆಯೆತ್ತಿದಾಗ ಎದುರಿಗೆ ಮ್ಯಾನೇಜರ್ ಗ್ರೆಗ್ ನಿಂತಿದ್ದ, ಕೈಯಲ್ಲಿ ಬಿಸ್ಕೀಟು. ಏನು ಓದುತ್ತಿದ್ದೀ ನಿಕ್ಕಿ ಎಂದ. ಬರಿದೇ ಕೇಳಿದ್ದ, ಪಾಪ. ಅವಳು ಬರಿದೇ ಉತ್ತರಿಸಲಿಲ್ಲ. ಊರಲ್ಲಿ ಮೇಷ್ಟ್ರಾಗಿದ್ದವಳು, ಇಲ್ಲಿಗೆ ಬಂದ ಮೇಲೆ ಯಾರೂ ಏನನ್ನೂ ಕೇಳದೆ ನಾಲಿಗೆ ತುಕ್ಕು ಹಿಡಿದವಳು. ವಿವರಿಸಿದಳು. ವಿವರಿಸಿ, ಅವನ ಕಣ್ಣಲ್ಲಿ ಅರ್ಥವಾಗದ ನಗು ಕಂಡು, ಅಭ್ಯಾಸಬಲದಿಂದ, ಉದಾಹರಣೆಗೆ, ಎಂದಳು. ಉದಾಹರಣೆಗೆ ನಮ್ಮಲ್ಲೇ ನೋಡು, ಚನ್ನಬಸಪ್ಪನ ಮೊಣಕಾಲು ಕೈಕೊಟ್ಟಾಗ ನಾವು ಗನ್ ಬದಲಾಯಿಸಿಕೊಳ್ಳುತ್ತೇವಲ್ಲ.

ಗುಡ್ ಆನ್ ಯಾ, ಶಹಬ್ಬಾಸ್, ಎಂದಿದ್ದ ಗ್ರೆಗ್. ಬೆನ್ನು ತಟ್ಟಿದ್ದ. ಆ ದಿನವಿಡೀ ಅವಳು ಹಾರುತ್ತಿದ್ದಳು.

ಆಮೇಲೆ ಗನ್‌ಗಳಿಗೆ ಒಬ್ಬೊಬ್ಬರದೂ ಗುಟ್ಟಿನ ನಂಬರು ಬಂತು, ಸಾಲು ಸಾಲಿಗೂ ಒತ್ತಬೇಕು; ಗನ್ ಅದಲುಬದಲು ನಿಂತಿತು. ಚನ್ನಬಸಪ್ಪ ಒಬ್ಬನೇ ಅಕ್ಕಿಯ ಸಾಲಲ್ಲಿ ಉಳಿದ. ಅವರಿವರು ನುಗ್ಗಿ ಕೈಜೋಡಿಸಿದರೂ ಅವನ ಹೆಸರು ಕೆಂಪಾಯಿತು. ಏಜೆನ್ಸಿಯ ಮೂಲಕ ಬಂದವನಿಗೆ ಯೂನಿಯನ್ ಇಲ್ಲ, ನೋಟೀಸಿಲ್ಲ, ಒಂದು ಫೋನು ಸಾಕು. ಗುರುವಾರ ಗ್ರೆಗ್ ನಿಖತ್ತನ್ನು ಕರೆದು ಟೀಮ್ ಲೀಡರ್ ಆಗು ಎಂದ. ಬರುವ ಸೋಮವಾರ ಶಿಫ್ಟು ಶುರುವಾಗುವ ಮುಂಚೆ ಎಲ್ಲರ ಮುಂದೆ ನಿಂತು ಹೊಸ ನಿಯಮ ನೀನೇ ಹೇಳಬೇಕು: ಒಬ್ಬರ ಸಾಲಿಗೆ ಇನ್ನೊಬ್ಬರು ಕಾಲಿಡಕೂಡದು, ಕೈ ಹಚ್ಚಕೂಡದು. ನಿನ್ನ ಜನಕ್ಕೆ ನಿನ್ನ ಭಾಷೆಯಲ್ಲೂ ಹೇಳು, ನೀನು ಹೇಳಿದರೆ ಕೇಳುತ್ತಾರೆ. ನೀನು ಚೆನ್ನಾಗಿ ವಿವರಿಸುತ್ತೀ, ಎಂದ. ಹಂಗಿಸಿದ್ದಲ್ಲ. ಮನಸಾರೆ ಹೇಳಿದ್ದು. ಅದಕ್ಕೇ ಅವಳ ಮುಖಕ್ಕೆ ರಕ್ತ ನುಗ್ಗಿತ್ತು.

ಬಾಬೆಫನ ಗುಂಪಿನಲ್ಲೂ ಒಬ್ಬನಿದ್ದ. ಗ್ರಿಸೆಲ್, ಸೈನ್ಯದ ಕ್ಯಾಪ್ಟನ್ನು. ಗುಟ್ಟಿನ ಸಭೆಗಳಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಹೋಗಿ ಸರ್ಕಾರಕ್ಕೆ ಹೇಳಿದವನು. ಆ ಪುಟ ಓದುವಾಗ ಅವಳು ಅವನ ಮುಖ ಕಲ್ಪಿಸಿಕೊಳ್ಳಲು ನೋಡುತ್ತಿದ್ದಳು, ಮುಖ ಬರುತ್ತಿರಲಿಲ್ಲ, ಬಿಸ್ಕೀಟಿನ ಪುಡಿ ಬರುತ್ತಿತ್ತು. ಅವನಿಗೆ ಏನು ಸಿಕ್ಕಿತೋ. ತನಗೆ ಸಿಕ್ಕದ್ದು ಬೆನ್ನ ಮೇಲೊಂದು ಏಟು, ಶಹಬ್ಬಾಸ್ ಎಂದು.

ಹೊತ್ತಿಳಿಯುವ ಮುಂಚೆ ಸುಬ್ಹಾನನ ಯೂಟು ತೆಗೆದುಕೊಂಡು ಹೊರಟಳು. ದಾರಿಯಲ್ಲಿ ಚನ್ನಬಸಪ್ಪನನ್ನು ಹತ್ತಿಸಿಕೊಳ್ಳಬೇಕು. ಅವನ ಹೆಂಡತಿ ರಮಾ ವೃದ್ಧಾಶ್ರಮದಲ್ಲಿ ನರ್ಸು, ಕಾರು ಅವಳ ಜೊತೆ ಹೋಗಿರುತ್ತದೆ. ಓದುಬಳಗದಲ್ಲಿ ಅವನು ಒಂದು ಸಾಲೂ ಓದಿಕೊಂಡು ಬರುವವನಲ್ಲ. ಜಗಳ ಕೇಳಲು ಬರುತ್ತೇನೆ, ನಮ್ಮ ಹುಬ್ಬಳ್ಳಿ ಕಟ್ಟಿ ನೆನಪಾಗತೈತಿ ಎನ್ನುತ್ತಿದ್ದ. ಗೇಟಿನ ಬಳಿ ಮೆಂತ್ಯೆಸೊಪ್ಪಿನ ಕಟ್ಟು ಹಿಡಿದು ನಿಂತಿದ್ದ. ಹತ್ತಿ ಕೂತು, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಅವಳು ಅದನ್ನು ನೋಡಲಿಲ್ಲ ಎಂಬಂತೆ ಕನ್ನಡಿ ಸರಿಮಾಡಿದಳು.

‘ಗಾಡಿ ಬಿಡವಾ. ಕನ್ನಡಿ ನೆಟ್ಟಗೈತಿ.’

ಸ್ವಲ್ಪ ದೂರ ಗೋದಾಮುಗಳ ತಗಡಿನ ಗೋಡೆಗಳು ಜೊತೆಜೊತೆಗೇ ಬಂದವು. ಹೇಳಬೇಕು, ಈಗ ಹೇಳಬೇಕು. ಸಿಗ್ನಲ್ಲಿನಲ್ಲಿ ಹೇಳುತ್ತೇನೆ ಎಂದುಕೊಂಡಳು, ಸಿಗ್ನಲ್ಲು ಹಸಿರಾಗೇ ಇತ್ತು.

‘ಕಾಕಾ,’ ಎಂದಳು, ‘ಗನ್ನಿನ ವಿಷಯ...’

‘ಗೊತ್ತೈತಿ.’

‘ಏನ್ ಗೊತ್ತೈತಿ?’

‘ಗ್ರೆಗ್ ಆಮ್ಯಾಲೆ ಒಂದ್ ಫೋನ್ ಮಾಡಿದ್ದ. ಸಾರಿ ಗೀರಿ ಅಂದ. ನಿಮ್ಮ ನಿಕ್ಕಿ ಎಲ್ಲಾ ಭಾಳ ಚಂದ ತಿಳಿಸಿ ಹೇಳಿದ್ಲು, ನಾ ಹಂಗ ಬಿಡಾಕ ಬರಂಗಿಲ್ಲಲ್ಲ ಅಂದ.’ ಅವನು ಸೊಪ್ಪಿನ ಕಟ್ಟಿನಿಂದ ಹಳದಿ ಎಲೆಯೊಂದನ್ನು ಕಿತ್ತು ಕಿಟಕಿಯಾಚೆ ಬಿಟ್ಟ. ‘ಎರಡು ದಿನ ಬೈದೆ ನಿನಗ. ಸುಮ್ಮಸುಮ್ಮನ ಅಲ್ಲ, ನಿನ್ನ ಅಜ್ಜ ಪಿಂಜಾರ ಸಾಬನ ತನಕ ಹೋಗಿ ಬೈದೆ. ರಮಾ ಬಂದು, ಸಾಕ್ರೀ, ಆಕಿ ರೋಜಾ ಹಿಡದಾಳ, ಬೈಗುಳ ತಟ್ಟತಾವ ಅಂದ್ಲು. ಅದಕ್ಕ ಬಿಟ್ಟೆ.’

ಅವಳಿಗೆ ನಗು ಬಂತು, ಜೊತೆಗೇ ಅಳು ಬಂತು, ಎರಡನ್ನೂ ನುಂಗಿದರೆ ರೋಜಾ ಮುರಿಯುತ್ತದೋ ಎಂಬ ಹುಚ್ಚು ಯೋಚನೆಯೂ ಬಂತು. ವಾರವೆಲ್ಲ ತಾನು ಎದೆಯಲ್ಲಿ ಕಲ್ಲಿಟ್ಟುಕೊಂಡು ತಿರುಗಿದ್ದೇನೆ, ಈ ಮನುಷ್ಯ ಬೈದು ಮುಗಿಸಿ ಸೊಪ್ಪಿಗೆ ನೀರು ಹಾಕಿದ್ದಾನೆ. ಕ್ಷಮಿಸುವವರ ಮುಂದೆ ತಲೆ ತಗ್ಗಿಸಬಹುದು, ಬೈದು ಮುಗಿಸಿದವನ ಮುಂದೆ ಏನು ಮಾಡುವುದು? ಅವಳ ಪಾಪಕ್ಕೆ ಕೂರಲು ಅವನು ಜಾಗವನ್ನೇ ಉಳಿಸಿರಲಿಲ್ಲ.

‘ಇವತ್ತ ಉದಾಹರಣೆ ಕೊಡಬೇಕಲ್ಲ ನೀನು,’ ಎಂದ. ‘ನನ್ನ ಹೆಸರ ಹೇಳು. ನಮಗ ಗೊತ್ತಿರೋ ಒಬ್ಬರು ಅಂತ ಅನಬ್ಯಾಡ. ನಾ ಅಲ್ಲೇ ಕುಂತಿರ್ತೀನಿ, ಒಬ್ಬರು ಆಗಿ ಕುಂಡ್ರಾಕ ನನ್ನಿಂದ ಆಗಂಗಿಲ್ಲ.’

ಭಾನುಮತಿಯ ಮನೆಯಲ್ಲಿ ಉದ್ದಿನವಡೆಯ ವಾಸನೆ ಗೇಟಿಗೇ ಬಂದಿತ್ತು. ರೋಜಾ ಬಿಡುವವಳು ಅಲ್ಲಿ ನಿಖತ್ ಒಬ್ಬಳೇ, ಆದರೂ ಹೊತ್ತು ಮುಳುಗುವವರೆಗೆ ಯಾರೂ ತಟ್ಟೆ ಮುಟ್ಟಲಿಲ್ಲ. ‘ನೋಡಮ್ಮ, ಇವರು ಬೆಳಿಗ್ಗೆಯಿಂದ ಮೂರು ಸಲ ತಿಂದಿದ್ದಾರೆ, ಈಗ ನಿನಗಿಂತ ಜಾಸ್ತಿ ಸಂಕಟ ಪಡ್ತಿದಾರೆ,’ ಎಂದು ಭಾನುಮತಿ ಗಂಡನ ಕಡೆ ಬೆರಳು ಮಾಡಿದಳು. ಖರ್ಜೂರ ಬಾಯಲ್ಲಿ ಕರಗಿ, ನೀರು ಗಂಟಲಲ್ಲಿ ಇಳಿದು, ಇಡೀ ಮೈಗೆ ದೀಪ ಹಚ್ಚಿದ ಹಾಗಾಯಿತು. ನಮಾಜು ಮುಗಿಸಿ ಬಂದು ಕೂತಳು. ಮಾತು ತಾನಾಗಿ ಬಂತು. ಶಾನುಭೋಗಿಕೆ, ಮಗಳ ಸಾವು, ಒಂದೇ ಉಗ್ರಾಣ, ಗುಟ್ಟಿನ ಸಮಿತಿ, ಗ್ರಿಸೆಲ್. ವಾಂದೋಮ್ ಎಂಬ ಊರಿನ ವಿಚಾರಣೆ. ಮರಣದಂಡನೆ ಎಂದು ಕೇಳಿದೊಡನೆ ಬಾಬೆಫ್ ಅಡಗಿಸಿಟ್ಟುಕೊಂಡಿದ್ದ ಚೂರಿಯಿಂದ ಇರಿದುಕೊಂಡದ್ದು, ಸಾಯದೆ ಉಳಿದದ್ದು, ಆ ಗಾಯದ ಮೈಯನ್ನೇ ಮರುದಿನ ಎಳೆದೊಯ್ದು ತಲೆ ಕಡಿದದ್ದು. ಆಮೇಲೆ ಪುಸ್ತಕ ಮುಚ್ಚಿ, ಚನ್ನಬಸಪ್ಪನ ಹೆಸರು ಹಿಡಿದು ಉದಾಹರಣೆ ಕೊಟ್ಟಳು. ತನ್ನ ಬಿಸ್ಕೀಟಿನ ಸಂಗತಿಯನ್ನೂ, ಸೋಮವಾರ ಹೇಳಬೇಕಾದ ನಿಯಮವನ್ನೂ ಬಿಡಲಿಲ್ಲ. ಎಲ್ಲರೂ ಚನ್ನಬಸಪ್ಪನನ್ನು ನೋಡಿದರು. ಅವನು ವಡೆ ಮುರಿದು ಚಟ್ನಿಯಲ್ಲಿ ಅದ್ದುತ್ತಿದ್ದ.

ಮೊದಲು ಮಾತಾಡಿದ್ದು ನಟರಾಜ. ಅವನ ಕಣ್ಣು ಹೊಳೆಯುತ್ತಿದ್ದವು. ‘ಒಪ್ಕೊಳ್ಳಿ ನಿಖತ್. ಟೀಮ್ ಲೀಡರ್ ಆಗಿ. ಸೋಮವಾರ ನಿಂತು ಅವನು ಹೇಳಿದ ನಿಯಮ ಓದಿಬಿಡಿ, ಬಾಯಲ್ಲಿ ತಾನೆ? ಒಳಗೊಳಗೇ ಮಾಡೋದು ಮಾಡ್ತಾ ಇರಿ. ಯಾರಿಗೆ ಯಾವ ಸಾಲು ಅನ್ನೋದು ನಿಮ್ಮ ಕೈಗೇ ಬರತ್ತಲ್ಲ! ನಾಲ್ಕು ಜನ ನಂಬಿಕಸ್ಥರಿಗೆ ಮಾತ್ರ ಗೊತ್ತಿರ್ಲಿ.’

‘ಆಹಾ!’ ಭಾನುಮತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. ‘ಎಲ್ಲರಿಗೂ ಸಮಪಾಲು ಅಂತ ತೀರ್ಮಾನ ಮಾಡೋರು ಮಾತ್ರ ನಾಲ್ಕು ಜನ, ಬಾಗಿಲು ಹಾಕ್ಕೊಂಡು! ಗುಟ್ಟು ಗುಟ್ಟು ಅಂತ್ಲೇ ಅವನ ತಲೆ ಹೋಯ್ತು, ಇಷ್ಟೊತ್ತು ಏನು ಕೇಳಿಸ್ಕೊಂಡ್ರಿ ನೀವು?’

‘ಗುಟ್ಟಿಲ್ದೆ ಮಾಡಿದ್ರೆ ಇವರ ಕೆಲಸಾನೇ ಹೋಗತ್ತೆ ಕಣೆ.’

‘ನಟರಾಜ ಅವರು ಹೇಳೋದು ಖರೇ ಐತಿ,’ ಎಂದ ಚನ್ನಬಸಪ್ಪ ಬೆರಳು ನೆಕ್ಕಿಕೊಂಡು. ‘ಹಿರೇ ಮನಷ್ಯಾ ಹೇಳ್ತೀನಿ ಕೇಳವಾ, ನೀ ಲೀಡರ್ ಆಗು. ನಿಯಮ ಓದು. ನನ್ನ ಸಲುವಾಗಿ ನಿನ್ನ ಅನ್ನಕ್ಕ ಕಲ್ಲು ಹಾಕ್ಕೋಬ್ಯಾಡ. ನನ್ನ ಮೊಣಕಾಲಿಗೆ ನಿನ್ನ ಕ್ರಾಂತಿ ಭಾರ ಆಗತೈತಿ.’

ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಾಯಸ ಬಂತು, ಜಗಳ ಮುಂದುವರಿಯಿತು, ನಟರಾಜನ ಮಾತು ಜೋರಾಯಿತು, ಭಾನುಮತಿಯದು ಅದಕ್ಕಿಂತ ಜೋರಾಯಿತು. ನಿಖತ್ ಗೋಡೆಗೆ ಒರಗಿ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ತಾನು ಕೆಟ್ಟದ್ದು ಮಾಡಿದ್ದು ಮಾತಾಡಿದ್ದರಿಂದಲೇ? ಹಾಗಾದರೆ ಬಾಯಿ ಹೊಲಿದುಕೊಳ್ಳಬೇಕು. ಅಲ್ಲ, ತಪ್ಪು ಅಲ್ಲಿಲ್ಲ ಎನಿಸಿತು. ಗನ್ ಅದಲುಬದಲಾದ ಇಷ್ಟು ವರ್ಷದಲ್ಲಿ ಸಿಯೋನೆಯ ಜೊತೆ, ಚನ್ನಬಸಪ್ಪನ ಜೊತೆ, ಒಬ್ಬರ ಜೊತೆಗೂ ಕೂತು ಇದೇನು ನಾವು ಮಾಡುತ್ತಿರುವುದು, ಇದು ಸರಿ, ಇದು ನಮ್ಮ ಹಕ್ಕು ಎಂದು ಒಂದು ಮಾತು ಆಡಿರಲಿಲ್ಲ. ನಾಚಿಕೆಯ ಕೆಲಸದ ಹಾಗೆ ಕಣ್ಣು ತಪ್ಪಿಸಿ ಮಾಡಿದ್ದರು. ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು, ಕೇಳಬಾರದವನೊಬ್ಬನಿಗೆ. ಬಾಬೆಫನೂ ಅಷ್ಟೇ ತಾನೆ; ಹಸಿದ ಪ್ಯಾರಿಸಿಗೆ ಪತ್ರಿಕೆಯಲ್ಲಿ ಕೂಗಿ ಕೂಗಿ ಹೇಳುತ್ತಿದ್ದವನು, ಕೊನೆಗೆ ಬಾಗಿಲು ಹಾಕಿಕೊಂಡ, ಬಾಗಿಲೊಳಗೇ ಗ್ರಿಸೆಲ್ ಕೂತಿದ್ದ. ಯಾರೋ ಅವಳ ಲೋಟಕ್ಕೆ ಇನ್ನೊಂದು ಸೌಟು ಹಾಕಿದರು. ಬೇಡ ಎನ್ನಲಿಲ್ಲ. ಇಷ್ಟು ಜನ ತನ್ನ ಬಗ್ಗೆ ಇಷ್ಟು ಗಟ್ಟಿಯಾಗಿ ಕೂಗಾಡುತ್ತಿರುವುದು ಅವಳಿಗೆ ಜೋಗುಳದ ಹಾಗೆ ಕೇಳುತ್ತಿತ್ತು.

ಸೋಮವಾರ ಬೆಳಿಗ್ಗೆ ಗೋದಾಮಿನ ಬಾಗಿಲೊಳಗೆ ಎಲ್ಲರೂ ಅರ್ಧಚಂದ್ರವಾಗಿ ನಿಂತಿದ್ದರು, ಬಾಯಲ್ಲಿ ಹಬೆ. ಸಿಯೋನೆ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ. ಅವನ ಪಕ್ಕದಲ್ಲಿ ಮೆಹ್ವಿಶ್, ಹೋದ ತಿಂಗಳು ಸೇರಿದ ಶಿವಮೊಗ್ಗದ ಹುಡುಗಿ, ಸಹರಿಯ ಊಟಕ್ಕೆ ನಸುಕಿನಲ್ಲಿ ಎದ್ದ ಕಣ್ಣು ಇನ್ನೂ ಊದಿಕೊಂಡಿದ್ದವು. ಇವತ್ತು ತನ್ನ ಗನ್ನಿಗೆ ಅಕ್ಕಿಯ ಸಾಲು ಬರುತ್ತದೇನೋ ಎಂದು ಬಸ್ಸಿಳಿದು ನಡೆಯುವಾಗಲೇ ಹೆದರಿ ಹೇಳಿದ್ದಳು, ಚನ್ನಬಸಪ್ಪ ಅಂಕಲ್ ಇರೋದಿಲ್ವಲ್ಲ ಅಕ್ಕ ಎಂದಿದ್ದಳು. ಅವಳ ಉತ್ತರಕ್ಕೆ ಕಾಯದೆಯೇ ಗ್ರೆಗ್ ಹೊಸ ಟೀಮ್ ಲೀಡರ್ ಎಂದು ನಿಖತ್ತನ್ನು ಮುಂದಕ್ಕೆ ಕರೆದ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಊರಿನ ಶಾಲೆಯಲ್ಲಿ ಮೊದಲ ಪಾಠಕ್ಕೆ ನಿಂತಾಗ ಮುಖಗಳೆಲ್ಲ ಒಂದೇ ಆಗಿ ಕಂಡಿದ್ದವು. ಈಗ ಎದುರಿಗಿದ್ದ ಒಂದೊಂದು ಮುಖವೂ ಬೇರೆ ಬೇರೆಯಾಗಿ, ನಿಚ್ಚಳವಾಗಿ ಕಂಡಿತು.

‘ಹೇಳು ನಿಕ್ಕಿ,’ ಎಂದ ಗ್ರೆಗ್, ‘ಮೊದಲು ನಿನ್ನ ಜನಕ್ಕೆ.’

ಅವಳು ಸಿಯೋನೆಯಿಂದ ಮೆಹ್ವಿಶಳವರೆಗೆ ಒಬ್ಬೊಬ್ಬರನ್ನೇ ನೋಡಿದಳು. ಗ್ರೆಗ್ ಅವಳಿಗೆ ಕೇಳಿಸಲಿಲ್ಲವೆಂದುಕೊಂಡು ಹತ್ತಿರ ಬಂದು, ಇನ್ನೊಬ್ಬರ ಸಾಲಿಗೆ ಕಾಲಿಡಬಾರದೆಂದು ಹೇಳು, ಅಷ್ಟೇ, ಎರಡು ಮಾತು, ಎಂದ. ಮೆಹ್ವಿಶ್ ಅವಳ ತುಟಿಗಳನ್ನೇ ನೋಡುತ್ತಿದ್ದಳು.

‘ನಾನು ಹೇಳೋದಿಲ್ಲ,’ ಎಂದಳು ನಿಖತ್, ಕನ್ನಡದಲ್ಲಿ. ಆಮೇಲೆ ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ದನಿ ಎತ್ತಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.